ಭಾನುವಾರ ಹೋಗಬೇಡಿ, ಕ್ಲಾಸು ನಡೆಯುವ ದಿನ ಹೋಗಿ

ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಅದರ ಕೆಳಗೆ ದೊಡ್ಡಪ್ಪ ಹಾಕಿದ್ದನ್ನೂ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ.

ಮೆಸೇಜ್ ನೋಡದೇ ಇದ್ದವರಿಗೆ ವಿಷಯ ಇಷ್ಟು. ಚಿತ್ರದುರ್ಗದಲ್ಲಿರುವ ತಮ್ಮನ ಮಗಳು, ನನ್ನ ಸೋದರ ಸೊಸೆ ಪುಟ್ಟಿ, ಸೆಕೆಂಡ್ ಪಿಯು ಸೈನ್ಸ್ ಓದುತ್ತಿದ್ದಾಳೆ. ಇಂಜಿನಿಯರಿಂಗ್ ಬೇಡವಂತೆ. ಬಯಾಲಜಿ ಜೊತೆ ಹಿಸ್ಟರಿಯನ್ನೂ ಓದಲು ಬಿಡುವ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು ಬೇಕಂತೆ. ನನ್ನ ಮಗಳು ಅಂಥದ್ದೇ ಒಂದರಲ್ಲಿ ಮೂರನೇ ವರ್ಷ. ಅದಕ್ಕೆ ತಮ್ಮ ಕೇಳಿದ್ದು, ‘ಯಾವುದು ಒಳ್ಳೆಯದು ಅಕ್ಕ? ಬರೋ ಭಾನುವಾರ ಕಾರ್ ಮಾಡಿಕೊಂಡು ಹೋಗಿ ನೋಡಿ ಬರುತ್ತೇವೆ’ ಅಂತ. ದೊಡ್ಡಪ್ಪ ಕೇಳಿದ್ದು, ‘ಇಷ್ಟು ದುಡ್ಡು ಸುರಿದು ಬಿಎ ಮಾಡಿಸೋದಾ?’ ಅಂತ.

ಯಾವುದು ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಅದು ಅವಳೇ ನೋಡಿ ಹೇಳಬೇಕಾದ ಮಾತು. ಆದರೆ ಭಾನುವಾರ ಮಾತ್ರ ಹೋಗಬೇಡಿ. ಭಾನುವಾರ ಕಟ್ಟಡ ಕಾಣುತ್ತದೆ, ಹುಲ್ಲು ಕಾಣುತ್ತದೆ, ಗೇಟಿನ ಸೆಕ್ಯುರಿಟಿಯವರು ಕಾಣುತ್ತಾರೆ. ಕಾಲೇಜು ಕಾಣುವುದಿಲ್ಲ. ಅವರೇ ಕರೆಯುವ ಓಪನ್ ಡೇ ಕೂಡ ಅಷ್ಟೇ. ಚೆನ್ನಾಗಿ ಮಾತಾಡುವ ನಾಲ್ಕು ಮಕ್ಕಳನ್ನು ಮುಂದೆ ನಿಲ್ಲಿಸಿರುತ್ತಾರೆ, ಮೆಸ್ಸಿನಲ್ಲಿ ಅವತ್ತು ಪನೀರ್. ಹೆಣ್ಣು ನೋಡುವವರು ಬರುವ ದಿನ ನಮ್ಮ ಮನೆಗಳು ಹೇಗಿರುತ್ತವೆ, ಹಾಗೆ.

ಅವಳಿಗೆ ದಸರಾ ರಜೆ ಇರುತ್ತದಲ್ಲ, ಆ ಕಾಲೇಜುಗಳಿಗೆ ಅಷ್ಟು ದಿನ ರಜೆ ಇರುವುದಿಲ್ಲ. ಒಂದು ವಾರ ಮುಂಚೆ ಅಡ್ಮಿಷನ್ ಆಫೀಸಿಗೆ ಫೋನ್ ಮಾಡಿ. ನೀನಲ್ಲ, ಅವಳೇ ಮಾಡಲಿ. ‘ನಾನು ಒಂದು ಕ್ಲಾಸಿನಲ್ಲಿ ಕೂರಬಹುದಾ?’ ಅಂತ ಕೇಳಲಿ. ಕೇಳಿದರೆ ಎಷ್ಟೋ ಕಡೆ ಬಿಡುತ್ತಾರೆ. ಆಗುವುದಿಲ್ಲ ಅಂದರೆ, ಆಫೀಸಿನವರು ಪಕ್ಕದಲ್ಲಿ ಇಲ್ಲದೆ ಎರಡನೇ ವರ್ಷದ ಮಕ್ಕಳ ಜೊತೆ ಅರ್ಧ ಗಂಟೆ ಮಾತಾಡಲು ಬಿಡಿ ಅಂತ ಕೇಳಲಿ. ಎರಡನೇ ವರ್ಷದವರೇ ಬೇಕು. ಮೊದಲನೇ ವರ್ಷದವರಿಗೆ ಇನ್ನೂ ಎಲ್ಲ ಚೆಂದ, ಕೊನೇ ವರ್ಷದವರಿಗೆ ಹೊರಡುವ ಗಡಿಬಿಡಿ.

ಕ್ಲಾಸು ಯಾಕೆ ನೋಡಬೇಕು ಅಂದರೆ, ಇಂಥ ಕಾಲೇಜಿಗೆ ಕೊಡುವ ದುಡ್ಡೆಲ್ಲ ಅದಕ್ಕೇ. ನನ್ನ ಮಗಳಿಗೆ ಕಾಲೇಜು ಹುಡುಕುವಾಗ ನಾವು ನೋಡಿದ ಒಂದು ಕಡೆ, ಹೆಸರು ಬೇಡ, ಮೇಷ್ಟ್ರು ಸ್ಲೈಡ್ ಹಾಕಿದರು, ಓದಿದರು, ಮಕ್ಕಳು ಬರೆದುಕೊಂಡರು. ಬೆಲ್ ಆಯಿತು. ಅದು ನಮ್ಮೂರಲ್ಲೇ ಸಿಗುತ್ತದೆ, ಅದಕ್ಕೆ ಲಕ್ಷಗಟ್ಟಲೆ ಯಾಕೆ ಕೊಡಬೇಕು? ಇನ್ನೊಂದು ಕಡೆ ಎಕನಾಮಿಕ್ಸ್ ಕ್ಲಾಸು. ನಾನೂ ಯಜಮಾನರೂ ಹೊರಗೆ ಮರದ ಕೆಳಗೆ ಕೂತಿದ್ದೆವು, ಒಳಗೆ ನಡೆದದ್ದನ್ನು ಆಮೇಲೆ ಮಗಳು ಹೇಳಿದಳು. ಅಡುಗೆ ಎಣ್ಣೆಯ ಪಾಠವಂತೆ. 1986ರಲ್ಲಿ ಸರ್ಕಾರ ಎಣ್ಣೆಕಾಳಿನ ಮಿಷನ್ ಶುರು ಮಾಡಿತು, 1994ರಲ್ಲಿ ತಾಳೆ ಎಣ್ಣೆ ಆಮದಿಗೆ ಬಾಗಿಲು ತೆರೆಯಿತು, ಆಮೇಲೆ ಶೇಂಗಾ ಬೆಳೆದವನ ಗತಿ ಏನಾಯಿತು ಅಂತ ಚರ್ಚೆ. ನಮ್ಮವಳು ಹಿಂದೆ ಕೂತವಳು ಸುಮ್ನೆ ಇರಲಾರದೆ ಕೈ ಎತ್ತಿದ್ದಾಳೆ. ಚಳ್ಳಕೆರೆಯಲ್ಲಿ ನಮ್ಮ ಮಾವನವರ ಮನೆ ಹತ್ತಿರದ ಎಣ್ಣೆ ಮಿಲ್ಲು ಮುಚ್ಚಿದ್ದನ್ನು ಹೇಳಿದ್ದಾಳೆ. ಮೇಡಂ ‘ವೆರಿ ಗುಡ್’ ಅಂದು ಮುಂದೆ ಹೋಗಲಿಲ್ಲವಂತೆ. ‘ಮುಚ್ಚಿದ್ದು ಯಾವ ವರ್ಷ? ಆಮದಿನಿಂದಲೇ ಅಂತ ನಿನಗೆ ಹೇಗೆ ಗೊತ್ತು? ಮಳೆ ಕೈಕೊಟ್ಟು ಕಾಯಿಯೇ ಬರದೆ ಮುಚ್ಚಿರಬಹುದಲ್ಲ?’ ಅಂತ ತಿರುಗಿ ಕೇಳಿದರಂತೆ. ಇವಳಿಗೆ ಉತ್ತರ ಗೊತ್ತಿಲ್ಲ. ಹೊರಗೆ ಬಂದವಳೇ ನಮ್ಮ ಕಡೆ ನೋಡದೆ ಅಜ್ಜನಿಗೆ ಫೋನ್ ಹಚ್ಚಿದಳು. ಮಿಲ್ಲು, ಮಳೆ, ರೇಟು ಅಂತ ಅಜ್ಜ ಮೊಮ್ಮಗಳು ಮಾತಾಡಿದ್ದೇ ಮಾತಾಡಿದ್ದು. ಕಾಫಿ ಕುಡಿಯೋಣ ಬಾರೇ ಅಂದರೂ ಕೇಳಿಸಲಿಲ್ಲ.

ಸೊಸೆ ಕ್ಲಾಸಿನಲ್ಲಿ ಇದನ್ನೇ ಗಮನಿಸಲಿ. ಎಷ್ಟು ಮಕ್ಕಳು ಬಾಯಿ ಬಿಡುತ್ತಾರೆ, ತಪ್ಪು ಹೇಳಿದವರಿಗೆ ಮೇಷ್ಟ್ರು ಏನು ಮಾಡುತ್ತಾರೆ, ಇಂಗ್ಲಿಷ್ ತಡವರಿಸುವ ಹುಡುಗನಿಗೆ ಮಾತು ಮುಗಿಸಲು ಬಿಡುತ್ತಾರಾ. ಅವಳು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಲ್ವಾ, ಈ ಕೊನೆಯದು ಅವಳಿಗೆ ಮುಖ್ಯ. ಬರೆಯುವುದಕ್ಕೆ ಬೇರೆಯಾಗಿ ಸಹಾಯ ಮಾಡುವ ಮೇಷ್ಟ್ರು ಇದ್ದಾರಾ ಅಂತಲೂ ಕೇಳಲಿ. ಇಂಥ ಕಡೆ ಮೊದಲ ವರ್ಷದಿಂದಲೇ ವಾರ ವಾರ ಪ್ರಬಂಧ ಬರೆಸುತ್ತಾರೆ.

ಪುಟ್ಟಿ ಹೇಳುವ ‘ಬಯಾಲಜಿ ಪ್ಲಸ್ ಹಿಸ್ಟರಿ’ ಹೀಗೆ ನಡೆಯುತ್ತದೆ. ಮೊದಲು ಎಲ್ಲರಿಗೂ ಒಂದಷ್ಟು ಸಾಮಾನ್ಯ ಪಾಠ. ಬರವಣಿಗೆ, ಲೆಕ್ಕ, ಸಮಾಜ, ವಿಜ್ಞಾನ. ಆಮೇಲೆ ಒಂದು ಮೇಜರ್, ಅಂದರೆ ಮುಖ್ಯ ವಿಷಯ, ಜೊತೆಗೆ ಒಂದು ಮೈನರ್, ಅಂದರೆ ಉಪ ವಿಷಯ. ನಮ್ಮ ಕಾಲದಲ್ಲಿ ಪಿಸಿಎಂ, ಸಿಬಿಝಡ್, ಹೆಚ್‌ಇಪಿ ಅಂತ ಮೂರು ಮೂರು ವಿಷಯ ಕಟ್ಟಿ ಕೊಡುತ್ತಿದ್ದರು, ಬಿಚ್ಚುವ ಹಾಗಿರಲಿಲ್ಲ. ಇಲ್ಲಿ ಬಿಚ್ಚಬಹುದು. ಆದರೆ ಮೈನರ್ ಪಟ್ಟಿ ಒಂದೊಂದು ಕಡೆ ಒಂದೊಂದು ಥರ. ಬಯಾಲಜಿ ಮೇಜರ್‌ಗೆ ಹಿಸ್ಟರಿ ಮೈನರ್ ಕೊಡುತ್ತಾರಾ, ಎರಡರ ಟೈಮ್‌ಟೇಬಲ್ ಡಿಕ್ಕಿ ಹೊಡೆಯುವುದಿಲ್ಲವಾ, ಈಗ ಯಾರಾದರೂ ಹಾಗೆ ಓದುತ್ತಿದ್ದಾರಾ ಅಂತ ನೇರವಾಗಿ ಕೇಳಿ. ಓದುತ್ತಿರುವ ಮಗುವನ್ನೇ ತೋರಿಸಿದರೆ ಇನ್ನೂ ವಾಸಿ.

ಸಣ್ಣ ಕಾಲೇಜು ಅನ್ನುವುದಕ್ಕೆ ಎರಡು ಮುಖ ಇದೆ. ಮೇಷ್ಟ್ರಿಗೆ ಅವಳ ಹೆಸರು ಗೊತ್ತಿರುತ್ತದೆ, ಎರಡು ದಿನ ಕ್ಲಾಸಿಗೆ ಹೋಗದಿದ್ದರೆ ಯಾರಾದರೂ ಕೇಳುತ್ತಾರೆ. ಮುಂದೆ ಎಂಎಸ್ಸಿಗೆ ಶಿಫಾರಸು ಪತ್ರ ಬರೆಯುವಾಗ ಅವಳನ್ನು ಬಲ್ಲವರು ಬರೆಯುತ್ತಾರೆ. ಆದರೆ ಒಂದು ಡಿಪಾರ್ಟ್‌ಮೆಂಟಿನಲ್ಲಿ ಮೂರೋ ನಾಲ್ಕೋ ಜನ ಮೇಷ್ಟ್ರು. ಒಬ್ಬರು ರಜೆ ಹಾಕಿದರೆ ಆ ವರ್ಷ ಆ ಪಾಠವೇ ಇಲ್ಲ. ನನ್ನ ಮಗಳು ಕಾದಿದ್ದ ಒಂದು ಪೇಪರ್ ಹಾಗೇ ತಪ್ಪಿಹೋಯಿತು. ಅದಕ್ಕೆ ಕಾಲೇಜಿನವರು ಕೊಡುವ ಹೊಳೆಯುವ ಪುಸ್ತಕದಲ್ಲಿ ಎಷ್ಟು ಕೋರ್ಸ್ ಇದೆ ಅಂತ ಎಣಿಸಬೇಡಿ, ಈ ಸೆಮಿಸ್ಟರ್ ಯಾವುದು ನಡೆಯುತ್ತಿದೆ ಅಂತ ಕೇಳಿ. ಇನ್ನೊಂದು, ಗೆಳತಿ ಜೊತೆ ಜಗಳ ಆದರೆ ಮೂರು ಹೊತ್ತೂ ಅದೇ ಮೆಸ್ಸಿನಲ್ಲಿ ಅವಳ ಮುಖ ನೋಡಬೇಕು. ನಗಬೇಡ ತಮ್ಮಾ, ಒಂದು ಸೆಮಿಸ್ಟರ್ ಇಡೀ ನಮ್ಮ ಮನೆಯಲ್ಲಿ ಫೋನಿನಲ್ಲಿ ಅದೇ ಕಥೆ.

ದೊಡ್ಡಪ್ಪ, ನಿಮ್ಮ ಪ್ರಶ್ನೆ ತಪ್ಪಲ್ಲ. ದಾವಣಗೆರೆಯಲ್ಲಿ ಒಳ್ಳೆಯ ಡಿಗ್ರಿ ಕಾಲೇಜುಗಳಿವೆ, ತೋಳಹುಣಸೆಯಲ್ಲಿ ಯೂನಿವರ್ಸಿಟಿಯೇ ಇದೆ. 2024ರಿಂದ ನಮ್ಮ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಡಿಗ್ರಿ ಮತ್ತೆ ಮೂರು ವರ್ಷವಾಗಿದೆ. ಈ ಲಿಬರಲ್ ಆರ್ಟ್ಸ್ ಕಾಲೇಜುಗಳದ್ದು ಹೆಚ್ಚಾಗಿ ನಾಲ್ಕು ವರ್ಷದ ಆನರ್ಸ್ ಡಿಗ್ರಿ, ಅಂದರೆ ಒಂದು ವರ್ಷದ ಫೀಸು ಜಾಸ್ತಿ. ಬದಲಿಗೆ ಸಿಗುವುದೇನು ಅಂದರೆ, ನಾಲ್ಕು ವರ್ಷ ಮುಗಿಸಿ 75 ಪರ್ಸೆಂಟ್ ತೆಗೆದವರು ಎಂಎ, ಎಂಎಸ್ಸಿ ಇಲ್ಲದೆಯೂ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಅಂತ ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮ ಇದೆ. ಪುಟ್ಟಿಗೆ ಸಂಶೋಧನೆಯ ಹುಚ್ಚು ಇದ್ದರೆ ಅದು ಉಪಯೋಗ, ಇಲ್ಲದಿದ್ದರೆ ಅಷ್ಟಕ್ಕಷ್ಟೆ. ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಗೆ ಬರಬಹುದಾ ಅಂತಲೂ ಕೇಳಿ. ಕೆಲಸದ ವಿಷಯದಲ್ಲಿ ಗೋಡೆ ಮೇಲಿನ ಟಾಪರ್ ಫೋಟೋ ನೋಡಬೇಡಿ. ಹೋದ ವರ್ಷ ಮುಗಿಸಿದ ಅಷ್ಟೂ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಅಂತ ಕೇಳಿ. ಬ್ಯಾಚೇ ಸಣ್ಣದು, ಅವರ ಹತ್ತಿರ ಲೆಕ್ಕ ಇರಲೇಬೇಕು.

ಎಲ್ಲೆಲ್ಲಿ ಅಂದರೆ, ನಮಗೆ ಹತ್ತಿರದ್ದು ಬೆಂಗಳೂರಿನ ಸರ್ಜಾಪುರ ಕಡೆಯ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿ, 2010ರಲ್ಲಿ ಶುರುವಾಗಿದ್ದು. ಕ್ರಿಯಾ ಯೂನಿವರ್ಸಿಟಿ ಇರುವುದು ಆಂಧ್ರದ ಶ್ರೀಸಿಟಿಯಲ್ಲಿ, ಚೆನ್ನೈ ದಾಟಿ ತಡಾ ಹತ್ತಿರ. ಫ್ಲೇಮ್ ಪುಣೆಯಲ್ಲಿ, ಅಶೋಕ ಹರಿಯಾಣದ ಸೋನಿಪತ್‌ನಲ್ಲಿ. ಯಾವುದೇ ಆಗಲಿ, ಯುಜಿಸಿ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಅಮೆರಿಕದ ಮಾತೂ ಬಂದಿತ್ತು ಗ್ರೂಪಿನಲ್ಲಿ. ಈ ಥರದ ಕಾಲೇಜು ಅಲ್ಲಿ ಹಳೆಯದು, ಹೆಣ್ಣುಮಕ್ಕಳಿಗೇ ಅಂತ ಮೌಂಟ್ ಹೋಲಿಯೋಕ್ 1837ರಲ್ಲೇ ಶುರುವಾಯಿತು. ಆದರೆ ಅಲ್ಲಿ ಬಹಳಷ್ಟು ಕಡೆ ಹೊರದೇಶದ ಮಕ್ಕಳನ್ನು ತೆಗೆದುಕೊಳ್ಳುವಾಗ ದುಡ್ಡು ಕಟ್ಟುವ ಶಕ್ತಿಯನ್ನೂ ನೋಡುತ್ತಾರೆ. ‘ಅರ್ಲಿ ಡಿಸಿಷನ್’ ಅಂತ ಒಂದು ಅರ್ಜಿ ಇದೆ, ಸೀಟು ಕೊಟ್ಟರೆ ಸೇರಲೇಬೇಕು ಅನ್ನುವ ಒಪ್ಪಂದ. ಎಷ್ಟು ಸಹಾಯಧನ ಅಂತ ಗೊತ್ತಾಗದೆ ಅದಕ್ಕೆ ಸಹಿ ಹಾಕಬೇಡಿ. ನನ್ನ ಕೇಳಿದರೆ ಈಗ ಅದರ ಗೋಜು ಬೇಡ.

ದುಡ್ಡು. ಹೊರಡುವ ಮುಂಚೆ ಮನೆಯಲ್ಲೇ ಅವಳನ್ನು ಕೂರಿಸಿಕೊಂಡು ‘ವರ್ಷಕ್ಕೆ ನಮ್ಮ ಕೈಲಿ ಆಗೋದು ಇಷ್ಟು’ ಅಂತ ಹೇಳಿಬಿಡು. ಕ್ಯಾಂಪಸ್ ನೋಡಿ ಮನಸ್ಸು ಕೊಟ್ಟ ಮೇಲೆ ಹೇಳಿದರೆ ಅವಳಿಗೂ ಕಷ್ಟ, ನಿಮಗೂ ಕಷ್ಟ. ಫೀಸು, ಹಾಸ್ಟೆಲ್, ಊಟ ಸೇರಿ ನಾಲ್ಕು ವರ್ಷಕ್ಕೆ ಒಟ್ಟು ಎಷ್ಟು, ವರ್ಷ ವರ್ಷ ಎಷ್ಟು ಏರುತ್ತದೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅಜೀಂ ಪ್ರೇಮ್‌ಜಿ, ಅಶೋಕದಂಥ ಕಡೆ ಮನೆಯ ಆದಾಯ ನೋಡಿ ಫೀಸು ಕಡಿಮೆ ಮಾಡುತ್ತಾರೆ. ಆ ರಿಯಾಯಿತಿ ಪ್ರತಿ ವರ್ಷ ತಾನಾಗಿ ಮುಂದುವರಿಯುತ್ತದಾ, ಮಾರ್ಕ್ಸ್ ಇಳಿದರೆ ನಿಲ್ಲಿಸುತ್ತಾರಾ ಅಂತ ಕೇಳಬೇಕಾದ್ದು ನೀನೇ. ನಿನ್ನದು ಅಡಿಕೆ ತೋಟ, ಪಹಣಿ ಮತ್ತು ನಾಡಕಚೇರಿಯ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ. ಸಾಲ ಬೇಕಾದರೆ ಶಿಕ್ಷಣ ಸಾಲಕ್ಕೆ ಅಂತಲೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವು ಇಡಬೇಕಿಲ್ಲ, ಅದರ ಮೇಲೆ ಹೋದರೆ ಆಸ್ತಿ ಪತ್ರ ಕೇಳಬಹುದು.

ತಡ ಮಾಡಬೇಡಿ. ನಮ್ಮ ಕಡೆ ಪಿಯು ರಿಸಲ್ಟ್ ಬಂದ ಮೇಲೆ ಕಾಲೇಜು ಹುಡುಕುವುದು ವಾಡಿಕೆ. ಇವರದು ಹಾಗಲ್ಲ, ಸೆಕೆಂಡ್ ಪಿಯು ನಡೆಯುತ್ತಿರುವಾಗಲೇ ಅರ್ಜಿ, ಪರೀಕ್ಷೆ, ಇಂಟರ್‌ವ್ಯೂ. ರೌಂಡ್ ರೌಂಡಾಗಿ ಸೀಟು, ಸಹಾಯಧನ ಹಂಚುತ್ತಾ ಹೋಗುತ್ತಾರೆ. ಅವಳು ಸಿಇಟಿಯನ್ನೂ ಬರೆಯಲಿ ಬಿಡು, ಅದರಿಂದ ನಷ್ಟ ಇಲ್ಲ. ಇಲ್ಲಿ ಮುಂಗಡ ಕಟ್ಟಿ ಆಮೇಲೆ ಬಿಡಬೇಕಾದರೆ, 2018ರ ಯುಜಿಸಿ ಆದೇಶ ನೆನಪಿರಲಿ. ಸೇರ್ಪಡೆಯ ಕೊನೇ ದಿನಕ್ಕೆ 15 ದಿನ ಮುಂಚೆ ಬಿಟ್ಟರೆ ಫೀಸು ವಾಪಸ್ ಕೊಡಬೇಕು, 5 ಪರ್ಸೆಂಟ್, ಹೆಚ್ಚೆಂದರೆ 5,000 ರೂಪಾಯಿ ಹಿಡಿದುಕೊಳ್ಳಬಹುದು. ಕಾಲೇಜಿನವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ಹಾಗಿಲ್ಲ. ತೋರಿಸಿ, ವಾಪಸ್ ಇಸಕೊಂಡು ಬನ್ನಿ.

ನಿನ್ನ ಹೆಂಡತಿಗೆ ಹೇಳು, ಹಾಸ್ಟೆಲ್ ನೋಡುವಾಗ ರೂಮಿಗಿಂತ ಮೊದಲು ಬಚ್ಚಲು ನೋಡಲಿ. ಅಲ್ಲಿ ನಲ್ಲಿ, ಬಕೆಟ್, ವಾಸನೆ ಎಲ್ಲ ನಿಜ ಹೇಳುತ್ತವೆ. ರಾತ್ರಿ ಜ್ವರ ಬಂದರೆ ಯಾರು ನೋಡುತ್ತಾರೆ, ಆಸ್ಪತ್ರೆ ಎಷ್ಟು ದೂರ, ಗಾಡಿ ಇದೆಯಾ ಅಂತ ಕೇಳಲಿ. ಹೆಣ್ಣುಮಕ್ಕಳ ದೂರು ಕೇಳುವ ಆಂತರಿಕ ಸಮಿತಿ 2013ರ ಕಾನೂನಿನ ಪ್ರಕಾರ ಇರಲೇಬೇಕು, ಸದಸ್ಯರ ಹೆಸರು ಬೋರ್ಡಿನಲ್ಲಿ ಇದೆಯಾ ಅಂತ ಕಣ್ಣು ಹಾಯಿಸಿ. ರಾಗಿಮುದ್ದೆ ಸಿಗುತ್ತಾ ಅಂತ ಮಾತ್ರ ಕೇಳಬೇಡಿ, ನಾನು ಕೇಳಿದ್ದಕ್ಕೆ ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಬೆಂಗಳೂರಿಗೆ ನೀವು ಹಿಂದಿನ ಸಂಜೆಯೇ ಹೋಗಿ ಉಳಿದುಕೊಳ್ಳಿ. ದುರ್ಗದಿಂದ ಬೆಂಗಳೂರು ಮುಟ್ಟುವುದು ಕಷ್ಟವಲ್ಲ, ಊರೊಳಗೆ ಸರ್ಜಾಪುರ ಮುಟ್ಟುವುದು ಕಷ್ಟ. ಬೆಳಿಗ್ಗೆ ಹೊರಟರೆ ಕ್ಲಾಸು ತಪ್ಪುತ್ತದೆ. ವಾಪಸ್ ಬರುವಾಗ ಸಿರಾ ದಾಟುವವರೆಗೆ ನೀವಿಬ್ಬರೂ ಅಭಿಪ್ರಾಯ ಹೇಳಬೇಡಿ. ಚೆನ್ನಾಗಿತ್ತು ಅಂತಲೂ ಬೇಡ, ಫೀಸು ಜಾಸ್ತಿ ಅಂತಲೂ ಬೇಡ. ಅವಳೇ ಮೊದಲು ಮಾತಾಡಲಿ. ನೀವು ಶುರು ಮಾಡಿದರೆ ಅವಳು ನಿಮ್ಮ ಮುಖ ನೋಡಿ ಉತ್ತರ ಕೊಡುತ್ತಾಳೆ, ಆ ಹುಡುಗಿಯ ಸ್ವಭಾವವೇ ಹಾಗೆ.

ನನ್ನ ಮಗಳು ಶನಿವಾರ ಸಂಜೆ ಪುಟ್ಟಿಗೆ ಫೋನ್ ಮಾಡುತ್ತಾಳೆ. ಸ್ಪೀಕರ್ ಹಾಕಿಸಿ ಪಕ್ಕದಲ್ಲಿ ಕೂರಬೇಡಿ, ಅವರಿಬ್ಬರೇ ಮಾತಾಡಿಕೊಳ್ಳಲಿ. ಸಾಲಕ್ಕೆ ಬೇಕಾದ ಕಾಗದಪತ್ರದ ಪಟ್ಟಿ ಯಜಮಾನರ ಹತ್ತಿರ ಇದೆ, ಅವರು ಅಂಗಡಿಯಿಂದ ಬಂದ ಮೇಲೆ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ.