ವಾಷರ್ ನಾಜಲ್‌ಗೆ ಎರಡು ವೈರ್ ಯಾಕ? ನೀರು ಗಾಜಿನ ಅರ್ಧಕ್ಕೂ ಏರವಲ್ದು

ಪ್ರಶ್ನೆ: ಗೋಕುಲ ರೋಡ್, ಹುಬ್ಬಳ್ಳಿ

ಸೆಕೆಂಡ್ ಹ್ಯಾಂಡ್ ಯುರೋಪಿಯನ್ ಸೆಡಾನ್. ಮುಂದಿನ ಗಾಜಿಗೆ ನೀರು ಹೊಡಿಯೋ ಎರಡು ನಾಜಲ್ ಒಳಗ ಡ್ರೈವರ್ ಕಡೀದು ಬರೇ ತೊಟ್ಟಿಕ್ಕತೈತಿ, ಇನ್ನೊಂದು ಗಾಜಿನ ಅರ್ಧಕ್ಕೂ ಏರಂಗಿಲ್ಲ. ಪಂಪ್ ಸಪ್ಪಳ ಕೇಳಸ್ತೈತಿ. ಬಾನೆಟ್ ಎತ್ತಿ ನೋಡಿದ್ರ ಪ್ರತಿ ನಾಜಲ್‌ಗೂ ಪೈಪಿನ ಜೋಡಿ ಎರಡು ವೈರಿನ ಸಣ್ಣ ಕನೆಕ್ಟರ್ ಐತಿ. ಗ್ಯಾರೇಜಿನವರು "ಇದು ಹೀಟೆಡ್ ನಾಜಲ್, ಹೀಟರ್ ಹೋಗೈತಿ, ಸೆಟ್ ಬದಲಿ ಮಾಡಬೇಕು" ಅಂತಾರ. ಹೀಟರ್ ಹೋದ್ರ ನೀರು ಕಮ್ಮಿ ಆಗ್ತೈತೇನ್ರಿ? ಇದು ಹೆಂಗ ಕೆಲಸ ಮಾಡ್ತೈತಿ? ವೈರ್ ಬಿಚ್ಚಿಟ್ರ ನಡೀತೈತೇನು? ಟ್ಯಾಂಕಿಗೆ ಬೋರಿನ ನೀರು, ಸ್ವಲ್ಪ ಶಾಂಪೂ ಹಾಕ್ತೀವಿ. ಫೆಬ್ರವರಿಯಾಗ ಇದೇ ಗಾಡ್ಯಾಗ ಮನಾಲಿಗೆ ಹೋಗೋದೈತಿ.

ಉತ್ತರ 1: ಆಟೋ ವೈರಿಂಗ್, ಧಾರವಾಡ

ಹೀಟರ್ ಕೆಟ್ಟರೆ ನೀರಿನ ರಭಸ ಕಡಿಮೆಯಾಗುವುದಿಲ್ಲ ಸರ್. ನಾಜಲ್ ಒಳಗೆ ನೀರಿನ ದಾರಿ ಬೇರೆ, ಕರೆಂಟಿನ ದಾರಿ ಬೇರೆ. ಹೀಟರ್ ಸತ್ತರೂ ನೀರು ಎಂದಿನಂತೆ ಚಿಮ್ಮಬೇಕು. ಆ ಕಾರಣಕ್ಕೆ ಸೆಟ್ ಬದಲಿಸಬೇಡಿ.

ನಿಮ್ಮ ಕಾರಿನದು ಅತ್ಯಂತ ಸರಳವಾದ ಬಗೆ. ನಾಜಲ್ ಮೈಯೊಳಗೆ ಒಂದು ಪುಟ್ಟ ಪಿಟಿಸಿ ಬಿಲ್ಲೆ ಇರುತ್ತದೆ. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಕಡಿಮೆ, ಕರೆಂಟ್ ಹರಿದು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರಿ ಕರೆಂಟ್ ತಾನಾಗಿಯೇ ಇಳಿಯುತ್ತದೆ. ಥರ್ಮೋಸ್ಟಾಟ್ ಬೇಕಿಲ್ಲ, ಎಳೆಯುವುದೂ ಕೆಲವೇ ವ್ಯಾಟ್. ಕೆಲವು ಕಾರುಗಳಲ್ಲಿ ಇಗ್ನಿಷನ್ ಆನ್ ಇದ್ದಷ್ಟು ಹೊತ್ತೂ ಇದಕ್ಕೆ ಸಪ್ಲೈ ಇರುತ್ತದೆ, ಕೆಲವದರಲ್ಲಿ ಹೊರಗಿನ ತಾಪಮಾನ 4-5 ಡಿಗ್ರಿಗೆ ಇಳಿದರೆ ಮಾತ್ರ. ಎರಡನೆಯ ಬಗೆಯದಾದರೆ ನಮ್ಮ ಧಾರವಾಡದ ಡಿಸೆಂಬರ್ ಚಳಿಗೂ ಅದು ಆನ್ ಆಗುವುದಿಲ್ಲ. ಮೀಟರ್ ಹಿಡಿದು ಕನೆಕ್ಟರ್‌ನಲ್ಲಿ ವೋಲ್ಟೇಜ್ ಬರಲಿಲ್ಲ ಎಂದು "ಹೀಟರ್ ಹೋಗಿದೆ" ಎನ್ನುವುದು ಇಲ್ಲಿಂದಲೇ ಶುರುವಾಗುತ್ತದೆ.

ಇದರ ಕೆಲಸ ನಾಜಲ್ ಬಾಯಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದಷ್ಟೇ. ಓಡುವ ಗಾಡಿಯಲ್ಲಿ ಗಾಳಿ ಬಡಿದು, ವಾಷರ್ ದ್ರವದಲ್ಲಿರುವ ಆಲ್ಕೋಹಾಲ್ ತುದಿಯಲ್ಲಿ ಆವಿಯಾಗುತ್ತದೆ. ಉಳಿಯುವುದು ನೀರು, ಅದೇ ಮೊದಲು ಹೆಪ್ಪುಗಟ್ಟುತ್ತದೆ. ಗಾಜಿಗೆ ಬಿಸಿನೀರು ಹೊಡೆಯುವ ಏರ್ಪಾಡು ಬೇರೆ, ಅದು ಎರಡು ತರ. ಒಂದರಲ್ಲಿ ಎಂಜಿನ್ ಕೂಲಂಟ್ ಹರಿಯುವ ಚಿಕ್ಕ ಹೀಟ್ ಎಕ್ಸ್‌ಚೇಂಜರ್ ಮೂಲಕ ವಾಷರ್ ದ್ರವ ಹಾದು ಬರುತ್ತದೆ. ಎಂಜಿನ್ ಕಾದ ಮೇಲಷ್ಟೇ ಇದರ ಉಪಯೋಗ. ಇನ್ನೊಂದರಲ್ಲಿ ಬ್ಯಾಟರಿಯಿಂದ ದಪ್ಪ ವೈರ್ ಎಳೆದ ಎಲೆಕ್ಟ್ರಿಕ್ ಹೀಟರ್ ಡಬ್ಬಿ, ಸ್ವಲ್ಪ ದ್ರವವನ್ನು ಮೊದಲೇ ಕಾಯಿಸಿಟ್ಟುಕೊಂಡು ಹೊಡೆಯುತ್ತದೆ. ಈ ಡಬ್ಬಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಜನರಲ್ ಮೋಟಾರ್ಸ್ ಇಂಥದ್ದನ್ನು ಅಮೆರಿಕದಲ್ಲಿ ಮಾರಿತ್ತು. ಶಾರ್ಟ್ ಆಗಿ ಸುಡುತ್ತಿದ್ದುದರಿಂದ 2008ರಲ್ಲಿ ಗಾಡಿಗಳನ್ನು ವಾಪಸ್ ಕರೆದು ಫ್ಯೂಸ್ ಹಾಕಿಕೊಟ್ಟಿತು. ಅದೂ ಸಾಲದೆ 2010ರಲ್ಲಿ ಸುಮಾರು 15 ಲಕ್ಷ ಗಾಡಿಗಳನ್ನು ಮತ್ತೆ ಕರೆದು ಡಬ್ಬಿಯನ್ನೇ ತೆಗೆಯಿತು. ಯಾರಾದರೂ ಹೊರಗಿನಿಂದ ಇಂಥ ಕಿಟ್ ತಂದು ಕೂರಿಸುತ್ತೇವೆ ಅಂದರೆ ಬೇಡ ಅನ್ನಿ.

ವೈರ್ ಬಿಚ್ಚಿಡಬಹುದು. ಕನೆಕ್ಟರ್ ಬಾಯಿ ಕೆಳಮುಖವಾಗಿರುವಂತೆ ಟೇಪ್ ಸುತ್ತಿ ಕಟ್ಟಿ. ಆದರೆ ವೈರ್ ಕತ್ತರಿಸಬೇಡಿ, ಮನಾಲಿಯಲ್ಲಿ ಬೇಕಾಗುತ್ತದೆ. ಹೀಟರ್ ಬದುಕಿದೆಯೇ ನೋಡಲು ನಾಜಲ್ ಬಿಚ್ಚಿ ಫ್ರಿಜ್ಜಿನ ಐಸ್ ಖಾನೆಯಲ್ಲಿ ಹತ್ತು ನಿಮಿಷ ಇಡಿ. ಹೊರಗೆ ತೆಗೆದು, 2 ಆಂಪ್ ಫ್ಯೂಸ್ ಮೂಲಕ 12 ವೋಲ್ಟ್ ಕೊಡಿ. ಒಂದೆರಡು ನಿಮಿಷದಲ್ಲಿ ಬೆರಳಿಗೆ ಬೆಚ್ಚಗೆ ತಾಗಿದರೆ ಸರಿಯಿದೆ. ಫ್ಯೂಸ್ ಹಾರಿದರೆ ಒಳಗೆ ಶಾರ್ಟ್, ಆ ನಾಜಲ್ ಬದಲಿಸಲೇಬೇಕು.

ಉತ್ತರ 2: ಗ್ಯಾರೇಜ್, ಗದಗ

ಅಣ್ಣಾರ ಹೇಳಿದ್ದು ಖರೆ ಐತಿ. ಹೀಟರ್ ಬಿಡ್ರಿ, ಬೋರಿನ ನೀರು ಹಾಕೂದು ಮದಲ ನಿಲ್ಲಸ್ರಿ. ನಮ್ಮ ಕಡೆ ಬೋರಿನ ನೀರು ಭಾಳ ಗಡಸು. ಗೀಸರ್ ಕಾಯಿಲ್‌ಗೆ ಬಿಳಿ ಸುಣ್ಣ ಕಟ್ಟತೈತಲ್ಲ, ಅದ ನಾಜಲ್ ಬಾಯಾಗೂ ಕಟ್ಟತೈತಿ. ಹೀಟರ್ ಆನ್ ಆಗದಿದ್ರೂ ಏಪ್ರಿಲ್ ಬಿಸಿಲಿಗೆ ಬಾನೆಟ್ ಕಾದು ತುದಿಯಾಗಿನ ಹನಿ ಒಣಗತೈತಿ, ಸುಣ್ಣ ಉಳೀತೈತಿ. ಶಾಂಪೂ ಅಂತೂ ಟ್ಯಾಂಕಿನ್ಯಾಗ ಲೋಳಿ ಮಾಡಿ ಪಂಪಿನ ಜಾಳಗಿಗೆ ಮೆತ್ತತೈತಿ. ನೊರಿ ಆತಂದ್ರ ಪಂಪ್ ಗಾಳಿ ಹಿಡೀತೈತಿ, ಸಪ್ಪಳ ಬರತೈತಿ, ನೀರು ಬರಂಗಿಲ್ಲ.

ಹಿಂಗ ಹುಡುಕ್ರಿ. ನಾಜಲ್‌ನಿಂದ ಪೈಪ್ ಬಿಚ್ಚಿ ಅದರ ಬಾಯಿ ಒಂದು ಬಾಟ್ಲ್ಯಾಗ ಹಿಡೀರಿ, ಒಳಗ ಕುಂತವರಿಗೆ ವಾಷರ್ ಒತ್ತಾಕ ಹೇಳ್ರಿ. ನೀರು ಜೋರ್ ಬಂತು ಅಂದ್ರ ಕಟ್ಟಿದ್ದು ನಾಜಲ್. ಅಲ್ಲೇ ಕಮ್ಮಿ ಬಂತು ಅಂದ್ರ ಹಿಂದಕ್ಕ ಹೋಗ್ರಿ: ಟೀ ಜಾಯಿಂಟ್, ನೀರು ಹಿಂದಕ್ಕ ಹರೀದಂಗ ತಡಿಯೋ ನಾನ್ ರಿಟರ್ನ್ ವಾಲ್ವ್, ಬಾನೆಟ್ ಹಿಂಜ್ ಹತ್ರ ಪೈಪ್ ಮಡಚೋ ಜಾಗಾ. ಅಲ್ಲಿ ಸೀಳತೈತಿ. ಇಲಿ ಕಡದಿದ್ದೂ ಅಲ್ಲೇ ಜಾಸ್ತಿ. ಇದೆಲ್ಲಾ ಸರಿ ಇದ್ರ ಮುಂದಿನ ಗಾಲಿ ಮ್ಯಾಲಿನ ಪ್ಲಾಸ್ಟಿಕ್ ಲೈನರ್ ಬಿಚ್ರಿ. ಟ್ಯಾಂಕಿನ ಬುಡದಾಗ ರಬ್ಬರ್ ಗ್ರೊಮೆಟ್ ಒಳಗ ಪಂಪ್ ಕುಂತಿರತೈತಿ. ಕೆಳಗ ಬಕೆಟ್ ಇಟ್ಟು, ಪಂಪ್ ತಿರುವಿಕೋತ ಮ್ಯಾಲ ಎಳೀರಿ. ಗ್ರೊಮೆಟ್ ಒಳಗಿನ ಜಾಳಗಿ ತಗದು ಬ್ರಷ್ ಹಾಕಿ ತೊಳೀರಿ, ಟ್ಯಾಂಕಿಗೆ ಎರಡು ಮೂರು ಸಲ ಸ್ವಚ್ಛ ನೀರು ಹಾಕಿ ಕುಲಕಿ ಚೆಲ್ರಿ. ಒಳಗ ಎರಿ ಮಣ್ಣಿನ ಕೆಸರು ಕುಂತಿರತೈತಿ.

ನಾಜಲ್‌ಗೆ ಕಿರಾಣಿ ಅಂಗಡ್ಯಾಗಿನ ಬಿಳಿ ವಿನೆಗರ್ ಅರ್ಧ, ನೀರು ಅರ್ಧ. ಬಾಯಿ ಅಷ್ಟ ಮುಳಗಂಗ ಅರ್ಧ ತಾಸು ಇಡ್ರಿ. ಕನೆಕ್ಟರ್ ಪಿನ್‌ಗೆ ವಿನೆಗರ್ ತಾಗಬಾರದು, ಪಿನ್ ಹಸರ ಆಗತೈತಿ. ಆಮ್ಯಾಲ ಬಾಯಿ ಕಡೆಯಿಂದ ಹಿಂದಕ್ಕ ಸಣ್ಣಗ ಗಾಳಿ ಹೊಡೀರಿ, ಸುಣ್ಣದ ಚೂರು ಬಂದ ದಾರಿಯಿಂದನ ಹೊರಗ ಹೋಗಬೇಕು. ಕಂಪ್ರೆಸರ್ ಪೂರ್ತಿ ಬಿಡಬ್ಯಾಡ್ರಿ. ಟ್ಯಾಂಕಿಗಂತೂ ವಿನೆಗರ್ ಹಾಕಿ ಬಿಡಬ್ಯಾಡ್ರಿ. ಮುಂದ ಟ್ಯಾಂಕಿಗೆ ಆರ್‌ಓ ನೀರು ಹಾಕ್ರಿ, ಊರಿನ ಶುದ್ಧ ನೀರಿನ ಘಟಕದಾಗ ಸಿಗೋದು ಸಾಕು.

ಉತ್ತರ 3: ಹಾವೇರಿ

ಒಂದು ಮಾತು ಸೇರಿಸುತ್ತೇನೆ. ಒಂದೊಂದು ದಾರವಾಗಿ ನೀರು ಬರುವ, ಒಳಗೆ ಗುಂಡು ತಿರುಗುವ ನಾಜಲ್ ಆದರೆ ಮಾತ್ರ ಸೂಜಿ ಹಾಕಿ ದಿಕ್ಕು ತಿರುಗಿಸಬಹುದು. ಬೀಸಣಿಗೆಯಂತೆ ಅಗಲವಾಗಿ ಹರಡಿ ಹೊಡೆಯುವ ನಾಜಲ್‌ಗೆ ಸೂಜಿ ಹಾಕಬೇಡಿ. ಒಳಗಿನ ಸಣ್ಣ ಕಾಲುವೆಗೆ ಗೀರು ಬಿದ್ದರೆ ಮತ್ತೆ ಸರಿಯಾಗಿ ಹರಡುವುದಿಲ್ಲ. ಗಾಡಿ ನಿಂತಿದ್ದಾಗ ನೀರು ಗಾಜಿನ ನಡುವಿಗಿಂತ ಸ್ವಲ್ಪ ಮೇಲೆ ಬೀಳಬೇಕು, ಹೈವೇಯಲ್ಲಿ ಗಾಳಿ ಅದನ್ನು ಕೆಳಗೆ ತಳ್ಳುತ್ತದೆ.

ಪ್ರಶ್ನೆ ಕೇಳಿದವರು

ಪೈಪ್ ಬಿಚ್ಚಿದ್ರ ನೀರು ಜೋರ್ ಬಂತ್ರಿ. ಎರಡೂ ನಾಜಲ್ ಬಾಯಾಗ ಬಿಳೀ ಸುಣ್ಣ ಕಟ್ಟಿತ್ತು, ವಿನೆಗರ್ ಹಾಕಿದ ಮ್ಯಾಲ ನೀರು ಗಾಜಿನ ಮ್ಯಾಲಿನ ಅಂಚಿನ ತನಕ ಹೋಗಾಕತ್ತೈತಿ. ಮನಾಲಿಗೂ ಆರ್‌ಓ ನೀರು ನಡೀತೈತೇನು, ಹೀಟರ್ ಐತೆಲ್ಲ?

ಉತ್ತರ: ಆಟೋ ವೈರಿಂಗ್, ಧಾರವಾಡ

ಬೇಡವೇ ಬೇಡ. ನಾಜಲ್ ಹೀಟರ್ ಟ್ಯಾಂಕನ್ನು ಕಾಯಿಸುವುದಿಲ್ಲ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದರೆ ಬರೀ ನೀರು ಹೆಪ್ಪುಗಟ್ಟಿ ಹಿಗ್ಗಿ ಪಂಪಿನ ಮೈಯನ್ನೇ ಸೀಳಬಹುದು. ಬೆಟ್ಟ ಹತ್ತುವ ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಮೈನಸ್ 20 ಡಿಗ್ರಿವರೆಗೆ ಎಂದು ಬರೆದಿರುವ ರೆಡಿ ವಾಷರ್ ದ್ರವ ತುಂಬಿ. ತುಂಬಿದ ಮೇಲೆ ಪೈಪಿನಲ್ಲಿದ್ದ ಹಳೆಯ ನೀರು ಹೋಗುವ ತನಕ ವಾಷರ್ ಹೊಡೆಯಿರಿ, ಐದೈದು ಸೆಕೆಂಡಿನಂತೆ ಬಿಟ್ಟು ಬಿಟ್ಟು. ಹಿಂದಿನ ಗಾಜಿಗೂ ವಾಷರ್ ಇದ್ದರೆ ಅದನ್ನೂ. ರೇಡಿಯೇಟರ್ ಕೂಲಂಟ್ ಬೆರೆಸಬೇಡಿ, ಗಾಜಿನ ಮೇಲೆ ಜಿಡ್ಡಿನ ಪದರ ಕಟ್ಟಿ ಎದುರು ಬರುವ ಗಾಡಿಯ ಲೈಟಿಗೆ ಏನೂ ಕಾಣುವುದಿಲ್ಲ. ಸ್ಪಿರಿಟ್ ತಂದು ನೀವೇ ಬೆರೆಸುವುದೂ ಬೇಡ, ಅದರಲ್ಲಿ ಮೆಥನಾಲ್ ಇರಬಹುದು, ಅದು ವಿಷ, ಬೇಗ ಬೆಂಕಿ ಹಿಡಿಯುತ್ತದೆ. ಬೆಳಿಗ್ಗೆ ಗಾಜಿನ ಮೇಲೆ ಮಂಜು ಕಟ್ಟಿದ್ದರೆ ಬಿಸಿನೀರು ಸುರಿಯಬೇಡಿ, ಕಲ್ಲು ಬಡಿದ ಸಣ್ಣ ಗುರುತಿದ್ದರೂ ಗಾಜು ಬಿರುಕು ಬಿಡಬಹುದು. ಡಿಫ್ರಾಸ್ಟರ್ ಹಾಕಿ, ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಕೆರೆದು ತೆಗೆಯಿರಿ. ವೈಪರ್ ಗಾಜಿಗೆ ಅಂಟಿದ್ದರೆ ಅದನ್ನು ಬಿಡಿಸುವ ಮೊದಲು ವಾಷರ್ ಒತ್ತಬೇಡಿ. ಒತ್ತಿದರೆ ವೈಪರ್ ಮೋಟರ್ ಕೂಡ ಜೊತೆಗೇ ತಿರುಗಲು ಹೋಗಿ ಅದರ ಫ್ಯೂಸ್ ಹಾರಬಹುದು.