ಪುರಾವೆ, ಸಾಕ್ಷ್ಯ, ಕುರುಹು: ಸಂರಕ್ಷಣೆಯ ಬರಹದಲ್ಲಿ ‘ಎವಿಡೆನ್ಸ್’ಗೆ ಯಾವುದು ಹೊಂದುತ್ತದೆ?

ಬಳಗದ ಎಲ್ಲರಿಗೂ ನಮಸ್ಕಾರ.

ವನ್ಯಜೀವಿ ಸಂರಕ್ಷಣೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೈಗೊಂಡ ಕ್ರಮದಿಂದ ಪ್ರಾಣಿಗೂ ಅದರ ನೆಲೆಗೂ ನಿಜವಾಗಿ ಒಳ್ಳೆಯದಾಯಿತೇ ಎಂದು ಅಳೆದು ನೋಡಿ, ಆಮೇಲೆ ಮುಂದಿನ ಕೆಲಸಕ್ಕೆ ಕೈ ಹಾಕಬೇಕು ಎನ್ನುವುದು ಅದರ ತಿರುಳು. ವಿಷಯ ತೊಡಕಿನದಲ್ಲ. ನಾನು ಮೂರು ವಾರದಿಂದ ಒದ್ದಾಡುತ್ತಿರುವುದು ‘ಎವಿಡೆನ್ಸ್’ ಎಂಬ ಒಂದೇ ಪದದ ಜೊತೆ.

ಮೊದಲ ಕರಡಿನಲ್ಲಿ ‘ಸಾಕ್ಷ್ಯಾಧಾರಿತ ಸಂರಕ್ಷಣೆ’ ಎಂದು ಬರೆದಿದ್ದೆ. ಓದಿದ ಗೆಳೆಯರೊಬ್ಬರು, ‘ಕಳ್ಳಬೇಟೆ ಮೊಕದ್ದಮೆಗಳ ಪುಸ್ತಕವೇ?’ ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ಕಣ್ಣಾರೆ ಕಂಡವನು ಸಾಕ್ಷಿ, ಅವನು ನುಡಿದದ್ದು ಸಾಕ್ಷ್ಯ. ಈ ಪದ ಬಂದರೆ ಬೆನ್ನಿಗೇ ಕಟಕಟೆ, ವಕೀಲರು, ತೀರ್ಪು ಎಲ್ಲವೂ ಬರುತ್ತವೆ.

ಕೆಲವೆಡೆ ಈ ನ್ಯಾಯಾಲಯದ ವಾಸನೆ ಒಗ್ಗುತ್ತದೆ, ನಿಜ. ರಣಹದ್ದುಗಳು ಏಕೆ ಸಾಯುತ್ತಿವೆ ಎಂದು ಹುಡುಕಿದ ಪ್ರಕರಣವನ್ನೇ ನೋಡಿ. ಪಾಕಿಸ್ತಾನದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳಾಂಗಗಳಲ್ಲಿ ಯೂರಿಕ್ ಆಮ್ಲ ಕಟ್ಟಿಕೊಂಡು ಸತ್ತಿದ್ದ 25 ಹಕ್ಕಿಗಳನ್ನು ಪರೀಕ್ಷಿಸಿದಾಗ ಇಪ್ಪತ್ತೈದರಲ್ಲೂ ಡೈಕ್ಲೋಫೆನಾಕ್ ಸಿಕ್ಕಿತು. ಆ ಲಕ್ಷಣವಿಲ್ಲದ 13 ಹಕ್ಕಿಗಳಲ್ಲಿ ಒಂದರಲ್ಲೂ ಸಿಗಲಿಲ್ಲ. ದನಗಳಿಗೆ ಕೊಡುತ್ತಿದ್ದ ನೋವಿನ ಔಷಧ ಅದು. ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ಹಿಡಿದಿಟ್ಟ ಹದ್ದುಗಳಿಗೆ ಔಷಧ ಉಣಿಸಿದಾಗಲೂ ಅದೇ ಆಯಿತು. ಭಾರತ 2006ರಲ್ಲಿ ಪಶುಗಳಿಗಾಗಿ ಅದನ್ನು ತಯಾರಿಸುವುದನ್ನು ನಿಷೇಧಿಸಿತು. ಇಲ್ಲಿ ಅಪರಾಧಿ ಇದೆ, ತೀರ್ಪೂ ಇದೆ. ‘ರುಜುವಾತು’ ಎಂದರೂ ನಾನು ತಕರಾರು ಮಾಡುವುದಿಲ್ಲ.

ಆದರೆ ಕೈಪಿಡಿಯ ಬಹುಪಾಲು ಉದಾಹರಣೆಗಳು ಇಷ್ಟು ಖಚಿತವಾಗಿಲ್ಲ. ಇಂಗ್ಲೆಂಡಿನ ಬಾವಲಿ ಸೇತುವೆಯದು ನೋಡಿ. ಬಾವಲಿಗಳು ಮೇವಿಗೆ ಹೋಗುವಾಗ ಬೇಲಿಸಾಲಿನ ಗುಂಟ ಹಾರುತ್ತವೆ. ಆ ಸಾಲನ್ನು ಸೀಳಿಕೊಂಡು ಹೆದ್ದಾರಿ ಬಂದರೆ ವಾಹನಗಳಿಗೆ ಸಿಕ್ಕಿ ಸಾಯುತ್ತವೆ. ಅದಕ್ಕೆಂದು ರಸ್ತೆಯ ಮೇಲೆ ಎತ್ತರದಲ್ಲಿ ಈ ಬದಿಯಿಂದ ಆ ಬದಿಗೆ ತಂತಿ ಎಳೆದರು; ತಂತಿಯ ಗುಂಟ ಮೇಲಿನಿಂದ ದಾಟಲಿ ಎಂಬ ಎಣಿಕೆ. 2012ರ ಅಧ್ಯಯನವೊಂದರಲ್ಲಿ ಸಂಶೋಧಕರು ಕುಳಿತು ನೋಡಿದರು. ಕಟ್ಟಿ ಒಂಬತ್ತು ವರ್ಷವಾದ ಕಡೆಯೂ ತೀರಾ ಕೆಲವು ಬಾವಲಿಗಳಷ್ಟೇ ತಂತಿಯನ್ನು ಅನುಸರಿಸುತ್ತಿದ್ದವು. ಹೆಚ್ಚಿನವು ತಮ್ಮ ಹಳೆಯ ದಾರಿಯಲ್ಲೇ, ವಾಹನಗಳು ಬಡಿಯುವ ಎತ್ತರದಲ್ಲೇ ದಾಟುತ್ತಿದ್ದವು. ‘ಸೇತುವೆಯ ಹತ್ತಿರ ಬಾವಲಿ ಕಂಡೆ’ ಎಂದವನ ಸಾಕ್ಷ್ಯ ಸುಳ್ಳಲ್ಲ. ಎಷ್ಟು ಎತ್ತರದಲ್ಲಿ ದಾಟಿತು ಎಂದು ಕೇಳುವವರೆಗೆ ಅದು ಸೇತುವೆಯ ಪರವಾದ ಪುರಾವೆಯೂ ಅಲ್ಲ. ಈ ಎರಡು ಪದಗಳ ನಡುವಿನ ಅಂತರ ನನಗೆ ಹೊಳೆದದ್ದು ಈ ವಾಕ್ಯವನ್ನು ಬರೆಯುವಾಗಲೇ.

ಹಾಗಾಗಿ ಈಗ ‘ಪುರಾವೆ’ಯ ಕಡೆ ವಾಲಿದ್ದೇನೆ. ಮರಾಠಿಯ ನಂಟಿನ ಪದ. ಇರಲಿ, ಬಳಸಿ ಬಳಸಿ ನಮ್ಮದೇ ಆಗಿದೆ. ‘ಗಟ್ಟಿ ಪುರಾವೆ’ ಎಂದು ಎಲ್ಲರೂ ಹೇಳುತ್ತೇವೆ. ‘ತೆಳುವಾದ ಪುರಾವೆ’, ‘ಅರೆಬರೆ ಪುರಾವೆ’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇದು ನನ್ನ ಮೊದಲ ಪ್ರಶ್ನೆ, ಏಕೆಂದರೆ ಇಲ್ಲಿ ಪುರಾವೆಯನ್ನು ತೂಗಬೇಕಾಗುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಲಿಯಂ ಸದರ್ಲೆಂಡ್ ಅವರು ಕಟ್ಟಿದ ‘ಕನ್ಸರ್ವೇಶನ್ ಎವಿಡೆನ್ಸ್’ ಯೋಜನೆ ಸಂರಕ್ಷಣಾ ಕ್ರಮಗಳನ್ನು ಆರು ದರ್ಜೆಗಳಲ್ಲಿ ಇಡುತ್ತದೆ: ಪ್ರಯೋಜನಕಾರಿ ಎಂಬುದರಿಂದ ಹಿಡಿದು, ನಿಷ್ಪ್ರಯೋಜಕ ಅಥವಾ ಹಾನಿಕರ ಆಗಿರುವ ಸಂಭವವಿದೆ ಎಂಬುವವರೆಗೆ. ನಡುವೆ ‘ಪರಿಣಾಮ ಇನ್ನೂ ತಿಳಿದಿಲ್ಲ’ ಎಂಬ ದರ್ಜೆಯೂ ಇದೆ. ಅದನ್ನು ‘ಪುರಾವೆ ಇಲ್ಲ’ ಎಂದು ಬರೆದುಬಿಟ್ಟರೆ ಓದುವವರು ‘ಉಪಯೋಗವಿಲ್ಲ’ ಎಂದೇ ತಿಳಿಯುತ್ತಾರೆ. ‘ಪುರಾವೆ ಸಾಲದು’ ಎಂದರೆ ಗೊಂದಲ ತಪ್ಪುತ್ತದೆಯೇ?

ಪ್ರಾಣಿ ಗಣತಿಯ ಅಧ್ಯಾಯದಲ್ಲೂ ಇದೇ ತಲೆನೋವು. ಕ್ಯಾಮೆರಾದಲ್ಲಿ ಸಿಗದ ಹುಲಿ ಕಾಡಿನಲ್ಲಿ ಇಲ್ಲದ ಹುಲಿಯಲ್ಲ. ಅದೃಷ್ಟಕ್ಕೆ ಕನ್ನಡದಲ್ಲಿ ‘ಕಾಣಲಿಲ್ಲ’ ಬೇರೆ, ‘ಇಲ್ಲ’ ಬೇರೆ. ಕೋಷ್ಟಕದಲ್ಲಿ ‘ಇಲ್ಲ’ ಎಂದಿದ್ದ ಕಡೆಯೆಲ್ಲ ‘ಕಂಡಿಲ್ಲ’ ಎಂದು ತಿದ್ದಿದ್ದೇನೆ.

ಇನ್ನು ‘ಪ್ರಮಾಣ’. ಅರ್ಥದಿಂದ ನೋಡಿದರೆ ಇದಕ್ಕಿಂತ ಸರಿಯಾದ ಪದವಿಲ್ಲ. ಪ್ರತ್ಯಕ್ಷ (ಕಣ್ಣಾರೆ ಕಂಡದ್ದು), ಅನುಮಾನ (ಕಂಡದ್ದರಿಂದ ತರ್ಕಿಸಿ ತಿಳಿದದ್ದು) ಮೊದಲಾಗಿ, ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ವಿಂಗಡಿಸಿದ್ದು ಇದನ್ನೇ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಬಾವಲಿ ಸೇತುವೆಯ ಕಂಬಕ್ಕೇ ತೂಗುಹಾಕಬಹುದು. ಆದರೆ ಇಂದಿನ ಓದುಗರಿಗೆ ಪ್ರಮಾಣ ಎಂದರೆ ಒಂದೋ ಮಳೆಯ ಪ್ರಮಾಣ, ಇಲ್ಲವೇ ಮಂತ್ರಿಗಳ ಪ್ರಮಾಣವಚನ. ‘ಪ್ರಮಾಣಾಧಾರಿತ ಸಂರಕ್ಷಣೆ’ ಎಂದರೆ ಕೆ.ಜಿ. ಲೆಕ್ಕದಲ್ಲಿ ಕಾಡು ಉಳಿಸಿದಂತೆ ಕೇಳುತ್ತದೆ. ಒಲ್ಲದ ಮನಸ್ಸಿನಿಂದ ಕೈಬಿಟ್ಟೆ.

‘ವೈಜ್ಞಾನಿಕ’ ಪದವೂ ಸವೆದುಹೋಗಿದೆ. ಪತ್ರಿಕೆಗಳಲ್ಲಿ ರಸ್ತೆಯುಬ್ಬು ಎತ್ತರವಾದರೆ ಅವೈಜ್ಞಾನಿಕ, ಚರಂಡಿ ಕಟ್ಟಿಕೊಂಡರೆ ಅವೈಜ್ಞಾನಿಕ. ‘ವೈಜ್ಞಾನಿಕ ನಿರ್ವಹಣೆ’ ಎಂದು ನಾನು ಬರೆದರೆ ‘ಅಚ್ಚುಕಟ್ಟಾದ ನಿರ್ವಹಣೆ’ ಎಂಬುದಕ್ಕಿಂತ ಹೆಚ್ಚೇನೂ ದಾಟುವುದಿಲ್ಲ.

‘ಕುರುಹು’ ನನಗೆ ತುಂಬಾ ಇಷ್ಟದ ಪದ. ಅದನ್ನು ಹೆಜ್ಜೆ ಗುರುತು, ಲದ್ದಿ, ಹಿಕ್ಕೆ, ಮರ ಕೆರೆದ ಗಾಯ ಇವಕ್ಕೇ ಮೀಸಲಿಟ್ಟಿದ್ದೇನೆ. ಕುರುಹು ಕಾಡಿನಲ್ಲಿ ಬಿದ್ದಿರುತ್ತದೆ, ಯಾರಾದರೂ ಎಣಿಸಿ ಹೋಲಿಸಿ ನೋಡಿದ ಮೇಲೆ ಪುರಾವೆಯಾಗುತ್ತದೆ. ಈ ಭೇದ ನಾನು ಹೊಸೆದದ್ದೋ, ಬಳಕೆಯಲ್ಲೂ ಇದೆಯೋ?

ಕೊನೆಯದಾಗಿ ಸಮಾಸದ ಪೇಚು. ‘ಪುರಾವೆ ಆಧಾರಿತ’ ಎನ್ನುವಾಗ ‘ಆಧಾರ’ ಎರಡು ಸಲ ಹೇಳಿದಂತಾಗುತ್ತದೆ. ‘ಆಧಾರವಿಲ್ಲದ ಮಾತು’ ಎನ್ನುವಲ್ಲಿ ಆಧಾರವೇ ಪುರಾವೆ ತಾನೇ. ‘ಪುರಾವೆ ನೋಡಿ ನಡೆಸುವ ಸಂರಕ್ಷಣೆ’ ಎಂದು ಬಿಡಿಸಿ ಬರೆದರೆ ಓದಲು ಹಿತ, ಆದರೆ ರಕ್ಷಾಪುಟದ ಮೇಲೆ ಉದ್ದವಾಗುತ್ತದೆ. ಕ್ಷೇತ್ರದಲ್ಲಿ ಕೆಲಸ ಮಾಡುವವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ವರದಿಯಲ್ಲಿ ಬರೆಯುವ ಪದ ಬೇಡ, ಸಂಜೆ ಶಿಬಿರಕ್ಕೆ ಮರಳಿ ಜೊತೆಯವರಿಗೆ ಹೇಳುವಾಗ ಬಾಯಿಗೆ ಬರುವ ಪದ ಯಾವುದು?