ನರ್ವ್ ಬ್ಲಾಕ್‌ಗೆ ಕನ್ನಡದಲ್ಲಿ ಏನೆನ್ನೋಣ? ಇಂದು ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರ ಮನೆಯವರಿಗೆ ಕೊಡುವ ಒಂದು ಕೈಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಆಪರೇಷನ್‌ಗೆ ಮುಂಚೆ ನೋವು ತಗ್ಗಿಸುವ ಮೂರು ನರ್ವ್ ಬ್ಲಾಕ್‌ಗಳ, ಅಂದರೆ ನರದ ಬಳಿ ಮದ್ದು ಬಿಟ್ಟು ಆ ಭಾಗ ಮರಗಟ್ಟಿಸುವ ವಿಧಾನಗಳ, ಹೋಲಿಕೆ ಅದರಲ್ಲಿದೆ. ಫೀಮೋರಲ್ ಬ್ಲಾಕ್‌ನಲ್ಲಿ ತೊಡೆಸಂದಿನ ಒಂದು ದೊಡ್ಡ ನರದ ಪಕ್ಕ ಮದ್ದು ಬಿಡುತ್ತಾರೆ. ಫ್ಯಾಸಿಯಾ ಇಲಿಯಾಕಾದಲ್ಲಿ ಪೊರೆಯೊಂದರ ಕೆಳಗೆ 30–40 ಮಿಲಿ ಲೀಟರ್ ಬಿಟ್ಟು ಹರಡಿಸುತ್ತಾರೆ. 2018ರಲ್ಲಿ ಬೆಳಕಿಗೆ ಬಂದ ಪೆಂಗ್ ಬ್ಲಾಕ್‌ಗೆ ಸುಮಾರು 20 ಮಿಲಿ ಲೀಟರ್ ಸಾಕು. ಸೊಂಟದ ಕೀಲಿಗೆ ಹೋಗುವ ನರಗಳ ಸಣ್ಣ ಕವಲುಗಳಷ್ಟೇ ಗುರಿ. ಮೊದಲ ಎರಡರಲ್ಲಿ ತೊಡೆಯ ಬಲ ಕುಗ್ಗುತ್ತದೆ, ಮೂರನೆಯದರಲ್ಲಿ ಅಷ್ಟಾಗಿ ಇಲ್ಲ.

"ಪ್ರಾದೇಶಿಕ ಅರಿವಳಿಕೆ" ಎಂದು ಬರೆದಿದ್ದೇನೆ. ನಡೆಯುತ್ತಾ?

---

"ಪ್ರಾದೇಶಿಕ" ಬೇಡ. ಅದು ಪಕ್ಷಗಳಿಗೆ, ಸಾರಿಗೆ ಕಚೇರಿಗೆ ಇರಲಿ. "ಅರಿವಳಿಕೆ"ಯೂ ಬೇಡ. ಅರಿವು, ಅಳಿಕೆ, ಇಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. "ನರತಡೆ" ಎನ್ನಿ. ನರ ನಮ್ಮದೇ ಪದ. ತಮಿಳಿನ ನರಂಬು, ತೆಲುಗಿನ ನರಮು ಇದರ ಬಳಗ. ಮನುಷ್ಯ ಎಂಬ ಅರ್ಥದ ಸಂಸ್ಕೃತದ ನರಕ್ಕೂ ಇದಕ್ಕೂ ನಂಟಿಲ್ಲ. ಬೇರು ಇಷ್ಟು ಗಟ್ಟಿಯಿರುವಾಗ ಬ್ಲಾಕ್ ಯಾಕೆ?

---

ಅರಿವು ಎಂದರೆ ಎಚ್ಚರ ಮಾತ್ರ ಅಲ್ಲ ಸಾರ್. ಮುಟ್ಟಿದ್ದು ತಿಳಿಯುವುದೂ ಅರಿವೇ.

---

ನಾನು ಮೂಳೆ ವಾರ್ಡಿನಲ್ಲಿ ನರ್ಸ್. ಬೇರು ಗಟ್ಟಿಯಿರಲಿ, ಮಂಚದ ಪಕ್ಕ ನಿಂತವರಿಗೆ ಏನು ಕೇಳಿಸುತ್ತದೆ ನೋಡಿ. ಡ್ರಿಪ್ ಹಾಕುವಾಗ ಜನ "ನರ ಸಿಗ್ತಿಲ್ಲ" ಅನ್ನುತ್ತಾರೆ. ಅವರಿಗೆ ರಕ್ತನಾಳವೂ ನರವೇ. ಬ್ಲಾಕ್ ಎಂದರೆ ಹಾರ್ಟ್‌ನಲ್ಲಿ ಆಗುವ ಬ್ಲಾಕ್, ಅಂದರೆ ಕಾಯಿಲೆ. "ನರ ಬ್ಲಾಕ್ ಮಾಡ್ತೀವಿ" ಎಂದರೆ ಮಗ ಸಹಿ ಹಾಕಲು ಹಿಂಜರಿಯುತ್ತಾನೆ. "ನರತಡೆ" ಎಂದರೂ ಅಷ್ಟೇ. ಅಷ್ಟರಲ್ಲಿ ಅಜ್ಜಿ ಎಕ್ಸ್‌ರೇ ಟೇಬಲ್ ಮೇಲೆ ಹೊರಳಲಾಗದೆ ಕೂಗುತ್ತಿರುತ್ತಾರೆ. ಬ್ಲಾಕ್ ಕೊಟ್ಟ ಅರ್ಧ ಗಂಟೆಯೊಳಗೆ ಅಲುಗಾಡಿದಾಗಿನ ನೋವು ತಗ್ಗುತ್ತದೆ, ಬುದ್ಧಿ ಗಲಿಬಿಲಿಯಾಗುವುದೂ ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕೊಕ್ರೇನ್ ವಿಮರ್ಶೆ ಹೇಳಿದೆ. ಇಷ್ಟು ಒಳ್ಳೆಯದಕ್ಕೆ ಹೆದರಿಸುವ ಹೆಸರು ಯಾಕೆ? "ನೋವಿನ ಜಾಗ ಮರಗಟ್ಟಿಸುವ ಇಂಜೆಕ್ಷನ್" ಎನ್ನಿ. ಕೆಲವು ಗಂಟೆಗಳಲ್ಲಿ ಇಳಿಯುತ್ತದೆ ಎಂದೂ ಸೇರಿಸಿ. "ನರ ಸತ್ತೋಗುತ್ತಾ?" ಎಂದು ತುಂಬಾ ಜನ ಕೇಳುತ್ತಾರೆ.

---

ಇದು ಪದವಲ್ಲ, ವಿವರಣೆ. ಜೊತೆಗೆ ಇಂಜೆಕ್ಷನ್! ಚುಚ್ಚುಮದ್ದು ಏನಾಯಿತು? ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಬರೀ ವಿಭಕ್ತಿ ಪ್ರತ್ಯಯ ಉಳಿಯುತ್ತದೆ.

---

ಆಸ್ಪತ್ರೆ, ಸಹಿ ಎರಡೂ ಹೊರಗಿನಿಂದ ಬಂದವೇ. ಅವುಗಳಿಂದ ಕನ್ನಡ ಕೆಟ್ಟಿತಾ? ನನಗೆ ಯೋಚನೆ "ಪೆಂಗ್" ಬಗ್ಗೆ. ನಮ್ಮ ಕಡೆ ಪೆಂಗ ಎಂದರೆ ಬೈಗುಳ. ಅದು ಪೆರಿಕ್ಯಾಪ್ಸುಲರ್ ನರ್ವ್ ಗ್ರೂಪ್ ಎಂಬುದರ ಮೊದಲಕ್ಷರಗಳು. "ಪಿ.ಇ.ಎನ್.ಜಿ." ಎಂದು ಬಿಡಿಸಿ ಬರೆಯಿರಿ.

---

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್ ಹೇಳಿದ್ದನ್ನೇ ತಲೆಬರಹಕ್ಕೆ ಹಾಕುತ್ತೇನೆ, ಇಂಜೆಕ್ಷನ್ ಸಮೇತ. ಒಳಗೆ ಒಂದು ಕಡೆ "ನರತಡೆ" ಬರುತ್ತದೆ. ಫ್ಯಾಸಿಯಾಕ್ಕೆ ಪೊರೆ ಎಂದರೆ ಕಣ್ಣಿನ ಪೊರೆ ಅಂದುಕೊಳ್ಳುತ್ತಾರಾ? ಆರು ಗಂಟೆವರೆಗೆ ಕಾಯುತ್ತೇನೆ.

---

"ಸ್ನಾಯುವಿನ ಮೇಲಿನ ಪೊರೆ" ಎನ್ನಿ. ಮುಗೀತು. ಚುಚ್ಚುಮದ್ದಿನ ವಿಷಯದಲ್ಲಿ ಮಾತ್ರ ನನ್ನ ತಕರಾರು ಹಾಗೇ ಇದೆ.